ಸೂರ್ಯ ಎಲ್ಲಾ ಊರಲ್ಲೂ ಮುಳುಗ್ತಾನೆ (ಸಂಜೆ ಫೋಟೋ ಸರಣಿ, ಭಾಗ 3)

ಹೋದ ವಾರ ನಾನು ಹಾಕಿದ ಸೂರ್ಯಾಸ್ತ ನೋಡಿ ಕ್ಲಾಸ್‌ಮೇಟ್ ಒಬ್ಬ ಕೇಳಿದ, "ಆಗುಂಬೆಗೆ ಯಾವಾಗ ಹೋಗಿದ್ದೆ ಮಗಾ?"

ಅದು ನಮ್ಮ ಉಡುತಡಿ ಮಾರಾಯ್ರೆ! ಮನೆಯಿಂದ ಹತ್ತು ನಿಮಿಷ ನಡೆದು ಹೋಗಿ ತೆಗ್ದಿದ್ದು. ಆದ್ರೆ ಅವನ ತಪ್ಪೇನಿಲ್ಲ. ಫೋಟೋದಲ್ಲಿ ಇದ್ದದ್ದು ಒಂದು ಕಿತ್ತಳೆ ಚುಕ್ಕೆ, ಸುತ್ತ ಒಂದಷ್ಟು ಬಣ್ಣ. ಮರವಂತೆ ಅಂದಿದ್ರೂ ನಡೀತಿತ್ತು.

ಅದಕ್ಕೇ ಹೇಳ್ತಿದೀನಿ, ಬೈಕೊಂಡ್ರೂ ಪರವಾಗಿಲ್ಲ: ಸೂರ್ಯನ ಫೋಟೋ ತೆಗೆಯೋದು ಬಿಡಿ. ಆ ಬೆಳಕಲ್ಲಿ ಊರಿನ ಫೋಟೋ ತೆಗೀರಿ.

ಲೆಕ್ಕ ನೋಡಿ. ಆಕಾಶದಲ್ಲಿ ಸೂರ್ಯನ ಅಗಲ ಸುಮಾರು ಅರ್ಧ ಡಿಗ್ರಿ. ಫೋನಿನ ಮುಖ್ಯ ಕ್ಯಾಮೆರಾ ಅಡ್ಡ ಹಿಡಿದ್ರೆ ಹೆಚ್ಚುಕಮ್ಮಿ 70 ಡಿಗ್ರಿ ನೋಡುತ್ತೆ. ಅಂದ್ರೆ ಫ್ರೇಮಿನ ಅಗಲದಲ್ಲಿ ಸೂರ್ಯ ನೂರಕ್ಕೊಂದು ಪಾಲೂ ಇಲ್ಲ. ಕಣ್ಣಿಗೆ ತಟ್ಟೆಯಷ್ಟು ಕಂಡದ್ದು ಫೋಟೋದಲ್ಲಿ ಹೆಸರುಕಾಳು. ನಾವು ಬೆರಳಲ್ಲಿ ಎಳೆದು ಜೂಮ್ ಮಾಡ್ತೀವಿ, ಕಾಳು ಹೋಗಿ ಹಿಟ್ಟಾಗುತ್ತೆ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡ್ತೀನಿ. ಎರಡು ವರ್ಷದ ಹಿಂದೆ ಸುಗ್ಗಿಲಿ ಕಣದ ಹತ್ರ ಫೋಟೋ ತೆಗೀತಿದ್ದೆ. ಅಜ್ಜ ಹುಲ್ಲಿನ ಬಣವೆ ಪಕ್ಕ ನಿಂತಿದ್ರು, ಸರಿಯಾಗಿ ಸೂರ್ಯನ ಕೆಳಗೆ. "ಅಜ್ಜಾ, ಒಂಚೂರು ಆಕಡೆ ಸರ್ಕೊ" ಅಂದೆ. ಸರಿದ್ರು, ಪಾಪ, ಏನೂ ಕೇಳದೆ. ಫೋಟೋ ಚೆನ್ನಾಗೇ ಬಂತು. ಸೂರ್ಯ ಇದ್ದಾನೆ, ಬಣವೆ ಇದೆ. ಈ ಸಲ ಸುಗ್ಗಿಗೆ ಅಜ್ಜ ಇರಲಿಲ್ಲ. ಗ್ಯಾಲರಿ ಪೂರ್ತಿ ಹುಡುಕಿದೆ. ಸಂಜೆ ಬೆಳಕಲ್ಲಿ ಅಜ್ಜನ ಒಂದು ಫೋಟೋನೂ ಇಲ್ಲ ನನ್ನ ಹತ್ರ.

ಈಗ ಕೆಲಸದ ಮಾತು. ಮೊದಲು ಲೆನ್ಸ್ ಒರೆಸಿ, ಮೆತ್ತನೆ ಹತ್ತಿ ಬಟ್ಟೇಲಿ. ಜೇಬಿನ ಧೂಳು, ಬೆರಳಿನ ಜಿಡ್ಡು ಕೂತಿದ್ರೆ ಎದುರು ಬೆಳಕು ಇಡೀ ಫೋಟೋನ ಮಸುಕು ಮಾಡುತ್ತೆ. ಆಮೇಲೆ ಸೂರ್ಯನ ಪಕ್ಕದ ಆಕಾಶದ ಮೇಲೆ ಬೆರಳಿಟ್ಟು ಒತ್ತಿ ಹಿಡೀರಿ, ಲಾಕ್ ಆಗುತ್ತೆ. ಪಕ್ಕದಲ್ಲಿ ಬರೋ ಪುಟ್ಟ ಸೂರ್ಯನ ಚಿಹ್ನೆನ ಕೆಳಗೆ ಜಾರಿಸಿ. ಬೆಳ್ಳಗೆ ಸುಟ್ಟು ಹೋಗ್ತಿದ್ದ ಆಕಾಶಕ್ಕೆ ಬಣ್ಣ ವಾಪಸ್ ಬರುತ್ತೆ. ಕಿತ್ತಳೆ ಬಣ್ಣನ ಫೋನ್ ತಾನೇ ತಣ್ಣಗೆ ಮಾಡಿದ್ರೆ ಪ್ರೋ ಮೋಡಲ್ಲಿ ವೈಟ್ ಬ್ಯಾಲೆನ್ಸ್ 'ಕ್ಲೌಡಿ'ಗೆ ಇಡಿ. ನೇರಳೆ ಆಕಾಶದ ಫಿಲ್ಟರ್ ಬಗ್ಗೆ ನಾನು ಮಾತಾಡಲ್ಲ, ಜಗಳ ಆಗುತ್ತೆ.

ಮನುಷ್ಯರ ಮುಖ ಬೇಕು ಅಂದ್ರೆ ಸೂರ್ಯನಿಗೆ ಬೆನ್ನು ಹಾಕಿ ನಿಲ್ಲಿಸ್ಬೇಡಿ, ಪಕ್ಕಕ್ಕೆ ತಿರುಗಿಸಿ. ಮುಳುಗೋಕೆ ಮುಂಚಿನ ಅರ್ಧ ಗಂಟೆಯ ಬೆಳಕು ಯಾರ ಕೆನ್ನೆ ಮೇಲೆ ಬಿದ್ರೂ ಚಂದ. ನೆರಳಿನ ಆಕಾರ ಸಾಕು ಅಂದ್ರೆ ಮಾತ್ರ ಎದುರಿಗೆ ನಿಲ್ಲಿಸಿ, ಆಗಲೂ ಕೈ ಮೈಗೆ ಅಂಟದ ಹಾಗೆ ನೋಡ್ಕೊಳ್ಳಿ. ಇಲ್ಲಾಂದ್ರೆ ಅಜ್ಜನೂ ಒಂದೇ, ಬೇಲಿ ಗೂಟನೂ ಒಂದೇ.

ನಮ್ಮ ಕಡೆ ಸಮುದ್ರ ಇಲ್ಲ ಅಂತ ಅಳೋರಿಗೆ: ಕೆರೆ ಏರಿ ಇದೆ, ಅಡಿಕೆ ತೋಟದ ಸಾಲಿದೆ, ಅಕ್ಕನ ಪ್ರತಿಮೆ ಇದೆ. ಹತ್ತಿರದ ಬಳ್ಳಿಗಾವಿಯಲ್ಲಿ 1047ರ ಗಂಡಭೇರುಂಡದ ಕಂಬ ಇದೆ. ಸಂಜೆ ಆಕಾಶದ ಎದುರು ಅದರ ಆಕಾರ ಕಂಡವರು ಆಗುಂಬೆ ಅಂತ ಕೇಳಲ್ಲ. ಆದ್ರೆ ಹೋದ ವರ್ಷ ಜೂನಲ್ಲಿ ನಿಂತ ಜಾಗದಲ್ಲೇ ಡಿಸೆಂಬರಲ್ಲಿ ನಿಂತ್ಕೊಂಡು ಕಾಯ್ಬೇಡಿ. ಜೂನಲ್ಲಿ ನಮ್ಮಲ್ಲಿ ಸೂರ್ಯ ಏಳು ಗಂಟೆ ಹೊತ್ತಿಗೆ ಪಶ್ಚಿಮದಿಂದ ಸುಮಾರು 24 ಡಿಗ್ರಿ ಉತ್ತರಕ್ಕೆ ಮುಳುಗ್ತಾನೆ. ಡಿಸೆಂಬರ್ ಕೊನೆಗೆ ಆರು ದಾಟುತ್ತಿದ್ದ ಹಾಗೆ, ಅಷ್ಟೇ ದಕ್ಷಿಣಕ್ಕೆ. ನಾನು ಒಂದು ಸಂಜೆ ಪೂರ್ತಿ ಹೀಗೆ ಕಳೆದಿದೀನಿ.

ಮುಳುಗಿದ ತಕ್ಷಣ ಬೈಕ್ ಸ್ಟಾರ್ಟ್ ಮಾಡ್ಬೇಡಿ. ಇನ್ನೊಂದು 20 ನಿಮಿಷ ಇರಿ, ಎಷ್ಟೋ ದಿನ ಮೋಡಕ್ಕೆ ಬಣ್ಣ ಏರೋದೇ ಆಮೇಲೆ. ಫ್ಲಾಶ್ ಆಫ್, ಫೋನ್ ಯಾವುದಾದ್ರೂ ಕಲ್ಲಿಗೆ ಒರಗಿಸಿ. ಒಂದು ಸಲ ಹಿಂದೆ ತಿರುಗಿ ಪೂರ್ವಕ್ಕೂ ನೋಡಿ. ತಿಳಿ ಆಕಾಶ ಇದ್ರೆ ಗುಲಾಬಿ ಪಟ್ಟಿ, ಅದರ ಕೆಳಗೆ ನೀಲಿ ಪಟ್ಟಿ ಕಾಣುತ್ತೆ. ಆ ನೀಲಿ ಭೂಮಿಯ ನೆರಳು.

ಈ ಶನಿವಾರ ಏರಿ ಮೇಲೆ ಇರ್ತೀನಿ. ಬರೋರು ಮನೆಯಿಂದ ಯಾರನ್ನಾದ್ರೂ ಕರ್ಕೊಂಡು ಬನ್ನಿ. ಸರ್ಕೊ ಅನ್ನೋ ಹಾಗಿಲ್ಲ.

#ಉಡುತಡಿ #ಶಿಕಾರಿಪುರ #ಸಂಜೆಫೋಟೋ