ಸುಟ್ಟ ತೋಟೆಗೆ ಮತ್ತೆ ಮದ್ದು: ಈ ಉಳಿತಾಯ ಯಾರ ತಲೆಯ ಮೇಲೆ?

ಮಲೆನಾಡಿನ ಕೃಷಿಕನಿಗೆ ಕೋವಿಯೆಂಬುದು ಕತ್ತಿ, ಗುದ್ದಲಿಗಳಂತೆಯೇ ಬೇಸಾಯದ ಸಲಕರಣೆ. ಗೆಂಡೆಹಳ್ಳಿ, ಅರೇಹಳ್ಳಿ, ಬಿಕ್ಕೋಡು ಸೀಮೆಯ ಗದ್ದೆ ತೋಟಗಳಿಗೆ ಹಂದಿ, ಆನೆಗಳ ಕಾಟ ಇರುವವರೆಗೆ ಅದರ ಮಾತು ಮುಗಿಯುವಂಥದ್ದಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯೂ ಬೆಳೆರಕ್ಷಣೆಗೆಂದು ಕೋವಿಯ ಪರವಾನಗಿಗೆ ಅವಕಾಶ ಕಲ್ಪಿಸಿದೆ. ಆದರೆ ಚರ್ಚೆಯೆಲ್ಲ ಪರವಾನಗಿಯ ಸುತ್ತಲೇ ಗಿರಕಿ ಹೊಡೆಯುತ್ತದೆ. ಕೋವಿಯ ಹೊಟ್ಟೆಗೆ ಏನು ಬೀಳುತ್ತಿದೆ ಎಂದು ಕೇಳುವವರಿಲ್ಲ.

ಕೇಪಿನ ಕೋವಿಗೆ ತೋಟೆ ಬೇಡ. ತೋಟೆಕೋವಿಗೂ ರೈಫಲ್ಲಿಗೂ ಅದು ಬೇಕು. ತೋಟೆ ದುಬಾರಿಯಾಗಿ, ಮಾರುವ ಅಂಗಡಿ ದೂರವಾದಾಗ ಸುಟ್ಟ ತೋಟೆಗೇ ಮತ್ತೆ ಕೇಪು, ಮದ್ದು, ಚರೆ ತುಂಬುವ ಉಪಾಯ ಹೊಳೆಯುತ್ತದೆ. ನೋಡಲು ಇದು ಜಾಣ ಉಳಿತಾಯ. ಆದರೆ ಹಿತ್ತಾಳೆಯ ಗುಣ ಬಲ್ಲವರು ಹಾಗೆನ್ನಲಾರರು.

ತೋಟೆಯ ಹಿತ್ತಾಳೆಯಲ್ಲಿ ನೂರಕ್ಕೆ ಸುಮಾರು 70 ಪಾಲು ತಾಮ್ರ, 30 ಪಾಲು ಸತು. ಮದ್ದು ಉರಿದಾಗ ಅದು ಹಿಗ್ಗಿ ನಳಿಗೆಯ ಗೋಡೆಗೆ ಅಂಟಿಕೊಂಡು, ಹಿಂದಕ್ಕೆ ನುಗ್ಗುವ ಬಿಸಿ ಅನಿಲವನ್ನು ತಡೆಯುತ್ತದೆ. ಮರುಕ್ಷಣ ತುಸು ಕುಗ್ಗುತ್ತದೆ. ಹೀಗೆ ಹಿಗ್ಗಿಸಿ ಕುಗ್ಗಿಸಿದಷ್ಟೂ ಲೋಹ ಗಡುಸಾಗಿ ಪೆಡಸಾಗುತ್ತದೆ. ರೈಫಲ್ ತೋಟೆಯಲ್ಲಿ ಕತ್ತು ಸೀಳುತ್ತದೆ, ಬುಡದ ಬಳಿ ಗೋಡೆ ತೆಳುವಾಗುತ್ತದೆ. ಒಂದು ದಿನ ಬುಡವೇ ಕಳಚಿದರೆ ಅನಿಲ ನುಗ್ಗುವುದು ಹೊಡೆಯುವವನ ಮುಖದತ್ತ. ಲಾರಿಯ ಟೈರಿನೊಳಗಿನ ಒತ್ತಡ ಚದರ ಅಂಗುಲಕ್ಕೆ ಸುಮಾರು 100 ಪೌಂಡು. ಹನ್ನೆರಡು ಬೋರಿನ ತೋಟೆಯಲ್ಲಿ ಅದು 10,000 ಪೌಂಡಿಗೂ ಮೀರುತ್ತದೆ. ಕೆಲವು ರೈಫಲ್ಲುಗಳಲ್ಲಿ 60,000ವನ್ನು ಮುಟ್ಟುತ್ತದೆ.

ಮಳೆನಾಡಿಗೆ ಇನ್ನೊಂದು ಪಾಠವಿದೆ. ಬ್ರಿಟಿಷರ ಕಾಲದಲ್ಲಿ ಭಾರತದ ಸೇನೆಯ ತೋಟೆಗಳು ಮಳೆಗಾಲದಲ್ಲಿ ತಾವಾಗಿಯೇ ಬಿರುಕು ಬಿಡುತ್ತಿದ್ದವು. ಅವನ್ನು ಇರಿಸುತ್ತಿದ್ದುದು ಕುದುರೆ ಲಾಯಗಳಲ್ಲಿ. ಕುದುರೆಯ ಗಂಜಲದಿಂದೇಳುವ ಅಮೋನಿಯವೇ ಹಿತ್ತಾಳೆಯನ್ನು ಸೀಳುತ್ತಿತ್ತೆಂಬುದು 1921ರಲ್ಲಷ್ಟೇ ಸ್ಪಷ್ಟವಾಯಿತು. ದನದ ಕೊಟ್ಟಿಗೆಯ ಅಟ್ಟದಲ್ಲೋ ಗೊಬ್ಬರದ ಚೀಲದ ಪಕ್ಕದಲ್ಲೋ ತೋಟೆ ಇರಿಸುವವರು ಇದನ್ನು ನೆನೆಯಬೇಕು. ಆ ಬಿರುಕು ಎಷ್ಟೋ ಬಾರಿ ಕಣ್ಣಿಗೆ ಕಾಣುವುದೇ ಇಲ್ಲ.

ಮದ್ದಿನದೂ ಇದೇ ಕತೆ. ಕರಿ ಮಸಿಗೂ ಹೊಗೆರಹಿತ ಮದ್ದಿಗೂ ಬಲದಲ್ಲಿ ಅಜಗಜಾಂತರ. ಒಂದರ ಅಳತೆಯಲ್ಲಿ ಇನ್ನೊಂದನ್ನು ತುಂಬಿದರೆ ನಳಿಗೆ ಸಿಡಿಯಬಹುದು. ಮದ್ದು ತೇವಗೊಂಡಿದ್ದರೆ ಈಡು ಅರ್ಧದಾರಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಅದನ್ನರಿಯದೆ ಮತ್ತೊಂದು ಈಡು ಹೊಡೆದರೂ ಅದೇ ಗತಿ. ಕುದುರೆ ಎಳೆದಾಗ ಸದ್ದಾಗದಿದ್ದರೆ ತಕ್ಷಣ ಕೋವಿ ಬಿಚ್ಚಬಾರದು. ಜನರಿಲ್ಲದ, ಗುಂಡು ಸಿಡಿಯದ ಮಣ್ಣಿನತ್ತ ಬಾಯಿ ಮಾಡಿ ಒಂದು ನಿಮಿಷವಾದರೂ ಕಾಯಬೇಕು.

ಇದು ಕೋವಿ ಹಿಡಿದವನ ಸ್ವಂತ ಹೊಣೆಯೆಂದು ಕೈತೊಳೆದುಕೊಳ್ಳುವಂತಿಲ್ಲ. ಪಕ್ಕದಲ್ಲಿ ಬ್ಯಾಟರಿ ಹಿಡಿದು ನಿಂತ ಆಳಿಗೆ ಆ ತೋಟೆಯ ಪೂರ್ವಾಪರ ತಿಳಿದಿರುವುದಿಲ್ಲ. ಬಲಹೀನ ಈಡು ತಗುಲಿದ ಪ್ರಾಣಿ ಸಾಯುವುದಿಲ್ಲ. ಗಾಯ ಹೊತ್ತು ರೊಚ್ಚಿಗೇಳುತ್ತದೆ. ಮರುದಿನ ಮುಂಜಾನೆ ಅದಕ್ಕೆ ಎದುರಾಗುವವಳು ಕಾಫಿ ಕೊಯ್ಯಲು ಬಂದ ಕೂಲಿ ಹೆಣ್ಣುಮಗಳು. ಸೀಸದ ಚರೆ ಮಣ್ಣಿಗೆ, ಕೆರೆಯಂಗಳಕ್ಕೆ ಸೇರಿ ಹಕ್ಕಿಗಳಿಗೆ ವಿಷವಾಗುತ್ತದೆ. ನೀರುಹಕ್ಕಿಗಳ ಬೇಟೆಗೆ ಸೀಸದ ಚರೆಯನ್ನು ಅಮೆರಿಕ 1991ರಲ್ಲೇ ನಿಷೇಧಿಸಿತು.

ಕಾನೂನು ಕಠಿಣವಾಗಿದೆ. ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸಿದರೆ 2019ರ ತಿದ್ದುಪಡಿಯಂತೆ ಕನಿಷ್ಠ 7 ವರ್ಷ ಸೆರೆವಾಸ. ಆದರೆ ಭಯವೊಂದೇ ಈ ಅಭ್ಯಾಸವನ್ನು ನಿಲ್ಲಿಸದು. ಪರವಾನಗಿ ಕೊಡುವ ಸರ್ಕಾರವೇ ತಾಲ್ಲೂಕು ಕೇಂದ್ರದಲ್ಲಿ ನ್ಯಾಯವಾದ ಬೆಲೆಗೆ ಹೊಸ ತೋಟೆ ದೊರಕುವಂತೆ ಮಾಡಬೇಕು. ಪ್ರತಿ ಹೊಸ ತೋಟೆಗೆ ಸುಟ್ಟ ತೋಟೆಯನ್ನು ಲೆಕ್ಕವಿಟ್ಟು ಹಿಂಪಡೆಯಬೇಕು. ಬೆಳೆ ಪರಿಹಾರ ಹಂಗಾಮು ಮುಗಿಯುವುದರೊಳಗೆ ರೈತನ ಕೈಸೇರಬೇಕು. ಆಗ ಕೋವಿಯ ಮೇಲಿನ ಭಾರವೂ ತಗ್ಗುತ್ತದೆ.

ಅಲ್ಲಿಯವರೆಗೆ ಊರಿನವರು ಮಾಡಬಹುದಾದುದೂ ಇದೆ. ಹಳೆಯ ತೋಟೆಗಳನ್ನು ಮಕ್ಕಳ ಕೈಗೆ ಸಿಗದಂತೆ ಇಡುವುದು. ತೋಟದಲ್ಲಿ ಸಿಡಿಯದ ತೋಟೆ ಕಂಡ ವಿದ್ಯಾರ್ಥಿ ಅದನ್ನು ಮುಟ್ಟದೆ, ಕುಟ್ಟದೆ, ಹಿರಿಯರ ಮೂಲಕ ಪೊಲೀಸರಿಗೆ ತಿಳಿಸುವುದು. ಮರುತುಂಬಿದ ತೋಟೆ ಹಿಡಿದು ಬಂದವನೊಡನೆ ಕಾವಲಿಗೆ ಹೋಗಲು ನಿರಾಕರಿಸುವುದು. ಹಂದಿ ತಿಂದ ಗದ್ದೆ ಮುಂದಿನ ವರ್ಷ ಮತ್ತೆ ಹಸಿರಾಗುತ್ತದೆ. ಹೋದ ಕಣ್ಣು ಬರುವುದಿಲ್ಲ.