ಕುರಿಗೆ ಲಸಿಕೆ, ಮಕ್ಕಳಿಗೆ ಮಾತ್ರೆ

‘ನಾವೆಲ್ಲ ಮಣ್ಣಲ್ಲಿ ಬಿದ್ದು ಎದ್ದು ಬೆಳೆದವರು, ಅದಕ್ಕೇ ನಮಗೆ ಇಮ್ಯುನಿಟಿ ಜಾಸ್ತಿ’ ಅನ್ನೋ ಫಾರ್ವರ್ಡು ನಿಮಗೂ ಬಂದಿರುತ್ತೆ. ಆಫೀಸಿನ ಕಾಫಿ ಮೆಷಿನ್ ಪಕ್ಕ ನಿಂತು, ಮೂಗು ಒರೆಸಿಕೊಳ್ಳುತ್ತಾ, ‘ಹಳ್ಳಿ ಮಕ್ಕಳಿಗೆ ಅಲರ್ಜಿನೇ ಇರಲ್ಲ ಕಣ್ರೀ, ಹೊಟ್ಟೇಲಿ ಹುಳ ಇದ್ರೆ ಒಳ್ಳೇದಂತೆ’ ಅನ್ನೋರನ್ನೂ ನೋಡಿರ್ತೀರಿ. ನನ್ನ ತಕರಾರಿರೋದು ಈ ಮಾತಿನ ಮೇಲೆ.

ಮೊದಲು ಇದರಲ್ಲಿರೋ ನಿಜವನ್ನು ಒಪ್ಪಿಕೊಳ್ಳೋಣ. ಅಲರ್ಜಿ ಅಂತ ಟೆಸ್ಟ್ ಮಾಡಿಸಿದಾಗ ರಿಪೋರ್ಟಿನಲ್ಲಿ ಐಜಿಇ, ಇಯೊಸಿನೊಫಿಲ್ ಅಂತ ಎರಡು ಹೆಸರು ಕಾಣುತ್ತವಲ್ಲ, ಜಂತುಹುಳುಗಳ ಮೇಲೆ ದೇಹ ಬಿಡೋ ಸೈನ್ಯವೂ ಅದೇ. ಆದರೆ ಕರುಳಲ್ಲಿ ವರ್ಷಗಟ್ಟಲೆ ಬಾಳಬೇಕಾದ ಹುಳು ಸುಮ್ಮನಿರಲ್ಲ. ಆ ಸೈನ್ಯವನ್ನು ತಣ್ಣಗಾಗಿಸೋ ಪದಾರ್ಥಗಳನ್ನು ತಾನೇ ಸ್ರವಿಸುತ್ತೆ. ರೋಗನಿರೋಧಕ ವ್ಯವಸ್ಥೆಗೆ ಬ್ರೇಕ್ ಹಾಕೋ ಟಿಜಿಎಫ್-ಬೀಟಾ ಅನ್ನೋ ಪ್ರೋಟೀನಿನ ಕೆಲಸವನ್ನೇ ಮಾಡುವ ನಕಲಿಯೊಂದನ್ನು ಇಲಿಯ ಕರುಳಿನ ಹುಳು ತಯಾರಿಸುತ್ತದೆ ಅಂತ ರಿಕ್ ಮೈಜೆಲ್ಸ್ ಮತ್ತು ಸಂಗಡಿಗರು 2017ರಲ್ಲಿ ತೋರಿಸಿದರು. ಆಫ್ರಿಕಾದ ಗ್ಯಾಬೊನ್‌ನಲ್ಲಿ ಶಾಲಾಮಕ್ಕಳಿಗೆ ಮತ್ತೆ ಮತ್ತೆ ಹುಳುವಿನ ಮಾತ್ರೆ ಕೊಟ್ಟಾಗ, ಮನೆಧೂಳಿನ ನುಸಿಗೆ ಅವರ ಚರ್ಮ ಅಲರ್ಜಿ ತೋರಿಸೋದು ಹೆಚ್ಚಾಯಿತು. ಆ ಅಧ್ಯಯನ ಪ್ರಕಟವಾದದ್ದು 2004ರಲ್ಲಿ.

ಸರಿ, ಹುಳು ಅಲರ್ಜಿಯನ್ನು ತಗ್ಗಿಸಬಹುದು. ಆದರೆ ಇದಕ್ಕೆ ಇಮ್ಯುನಿಟಿ ಅಂತಾರೇನ್ರೀ? ಕಳ್ಳ ಬಂದು ನಾಯಿಗೆ ಮದ್ದು ಹಾಕಿದ್ದಾನೆ, ಬೊಗಳೋ ಕಾಟ ತಪ್ಪಿತು ಅಂತ ಮನೆಯವರು ಖುಷಿಪಟ್ಟ ಹಾಗಾಯ್ತು. ಅದೇ ಮದ್ದು ಲಸಿಕೆಯ ಕೆಲಸವನ್ನೂ ಮಂಕಾಗಿಸಬಲ್ಲದು. ಇಥಿಯೋಪಿಯಾದಲ್ಲಿ ಹುಳು ಇದ್ದವರ ದೇಹ ಬಿಸಿಜಿ ಲಸಿಕೆಗೆ ಅಷ್ಟಾಗಿ ಸ್ಪಂದಿಸಲಿಲ್ಲ, ಹುಳು ತೆಗೆದವರಲ್ಲಿ ಸ್ಪಂದನೆ ಚುರುಕಾಗಿತ್ತು. ಇನ್ನು ಕೊಕ್ಕೆಹುಳು ಕರುಳಿಗೆ ಕಚ್ಚಿಕೊಂಡು ದಿನವೂ ರಕ್ತ ಕುಡಿಯುತ್ತೆ. ಒಂದು ಹುಳು ಕುಡಿಯೋದು ಹನಿಗಳ ಲೆಕ್ಕ, ನೂರಾರು ಸೇರಿದರೆ ಮಗುವಿಗೆ ರಕ್ತಹೀನತೆ. ಓದಿನಲ್ಲಿ ಹಿಂದೆ ಬಿದ್ದ ಆ ಮಗುವಿಗೆ ಅಲರ್ಜಿ ಇಲ್ಲ ಅಂತ ನಾವು ಅಸೂಯೆ ಪಡಬೇಕಾ?

ಶ್ರೀಮಂತ ದೇಶಗಳು ಹುಳುವನ್ನು ಔಷಧಿಯಾಗಿಯೂ ನೋಡಿದವು. ಕರುಳಿನ ಕ್ರೋನ್ಸ್ ಕಾಯಿಲೆಯವರಿಗೆ ಹಂದಿಯ ಚಾಟಿಹುಳುವಿನ ಮೊಟ್ಟೆ ಕುಡಿಸಿ ನೋಡಿದರು. ದೊಡ್ಡ ಪ್ರಯೋಗಗಳಲ್ಲಿ ಫಲ ಸಿಗಲಿಲ್ಲ. ಅಂಥ ಸಂಶೋಧನೆ ಬೇಡ ಅಂತ ನಾನು ಹೇಳಲ್ಲ. ನನಗೆ ಸಿಟ್ಟು ಬರೋದು ಇನ್ನೊಂದು ಕಡೆಯ ಪಟ್ಟಿ ನೋಡಿದಾಗ.

ದನದ ಶ್ವಾಸಕೋಶದ ಹುಳುವಿಗೆ 1950ರ ದಶಕದ ಕೊನೆಯಿಂದಲೇ ಲಸಿಕೆ ಇದೆ. ಕುರಿಯ ರಕ್ತ ಹೀರೋ ಹುಳುವಿಗೆ 2014ರಲ್ಲಿ ಆಸ್ಟ್ರೇಲಿಯಾದಲ್ಲಿ ಲಸಿಕೆ ಮಾರುಕಟ್ಟೆಗೆ ಬಂತು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಸುಮಾರು 150 ಕೋಟಿ ಜನರಿಗೆ ಮಣ್ಣಿನಿಂದ ಹರಡೋ ಹುಳುಗಳಿವೆ. ಅವರಿಗೆ ಒಂದೇ ಒಂದು ಲಸಿಕೆಯೂ ಇಲ್ಲ.

ವಿಜ್ಞಾನ ಕಷ್ಟದ್ದೇ, ಒಪ್ಪುತ್ತೇನೆ. ಬ್ರೆಜಿಲ್‌ನಲ್ಲಿ ಕೊಕ್ಕೆಹುಳುವಿನ ಲಸಿಕೆ ಹಾಕಿದಾಗ ಕೆಲವರ ಮೈಮೇಲೆಲ್ಲ ದದ್ದು ಎದ್ದಿತು. ಮೊದಲೇ ಹುಳು ತಗುಲಿದ್ದರಿಂದ ಅವರ ರಕ್ತದಲ್ಲಿ ಆ ಪ್ರೋಟೀನಿನ ವಿರುದ್ಧದ ಐಜಿಇ ಆಗಲೇ ತಯಾರಿತ್ತು. ಇಂಥ ಗಂಟು ಬಿಡಿಸೋಕೆ ವರ್ಷಗಳು ಬೇಕು, ದುಡ್ಡು ಬೇಕು. ಉಣ್ಣೆ, ಮಾಂಸಕ್ಕೆ ಮಾರುಕಟ್ಟೆ ಇದೆ. ಬರಿಗಾಲಲ್ಲಿ ನಡೆಯೋ ಮಗು ಯಾವ ಕಂಪನಿಯ ಗಿರಾಕಿ?

ನಮ್ಮಲ್ಲಿ 2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ ನಡೀತಿದೆ. ಅಂಗನವಾಡಿ, ಶಾಲೆಗಳಲ್ಲಿ ಆಲ್ಬೆಂಡಜೋಲ್ ಕೊಡ್ತಾರೆ. ಒಳ್ಳೇ ಕೆಲಸ, ನಡೀಲಿ. ಆದರೆ ಮಾತ್ರೆ ಇವತ್ತಿನ ಹುಳುವನ್ನು ಕೊಲ್ಲುತ್ತೆ, ನಾಳೆಯದನ್ನು ತಡೆಯಲ್ಲ. ಬಯಲಲ್ಲೇ ಶೌಚ, ಅದೇ ಮಣ್ಣು, ಅದೇ ಕಾಲು ಅಂದರೆ ಮತ್ತೆ ಹುಳು. ಶೌಚಾಲಯಕ್ಕೆ ನೀರು, ಕಾಲಿಗೆ ಚಪ್ಪಲಿ, ಲಸಿಕೆಯ ಸಂಶೋಧನೆಗೆ ಸಾರ್ವಜನಿಕ ಹಣ, ಈ ಮೂರನ್ನೂ ಒಟ್ಟಿಗೇ ಕೇಳಬೇಕು.

ಮಣ್ಣಲ್ಲಿ ಆಡಲಿ ಮಕ್ಕಳು, ಯಾರು ಬೇಡ ಅಂದ್ರು? ಆ ಮಣ್ಣಲ್ಲಿ ಹುಳು ಇರಬಾರದು, ಅಷ್ಟೇ.