ಮಿಥಿಲೆಯ ಕರ್ಣಾಟರು ಉಳಿದಿದ್ದರೆ

ಕನ್ನಡಿಗರ ಪ್ರಾಚೀನ ವೈಭವವನ್ನು ಬಣ್ಣಿಸುವ ಬರಹಗಳಲ್ಲಿ ಮಿಥಿಲೆಯ ಕರ್ಣಾಟ ಅರಸರ ಹೆಸರು ಆಗಾಗ ಕೇಳಿಬರುತ್ತದೆ. ಕ್ರಿ.ಶ. 1097ರಲ್ಲಿ ನಾನ್ಯದೇವನು ಇಂದಿನ ಬಿಹಾರ-ನೇಪಾಳಗಳ ಗಡಿಯಲ್ಲಿರುವ ಸಿಮ್ರೌನಗಢದಲ್ಲಿ ರಾಜ್ಯ ಕಟ್ಟಿದನು. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನು ಆಳುತ್ತಿದ್ದ ಕಾಲವದು. ಚಾಲುಕ್ಯರ ಉತ್ತರದ ದಂಡಯಾತ್ರೆಗಳೊಡನೆ ಹೋದ ಸೇನಾನಿಗಳಿಂದ ಈ ಮನೆತನ ಬೆಳೆಯಿತೆಂಬುದು ಅನೇಕ ವಿದ್ವಾಂಸರ ಊಹೆ. 1324ರ ಸುಮಾರಿಗೆ ಘಿಯಾಸುದ್ದೀನ್ ತುಘಲಕನು ಬಂಗಾಳದ ದಂಡಯಾತ್ರೆಯಿಂದ ಹಿಂದಿರುಗುತ್ತ ತಿರ್ಹುತದ ಮೇಲೆ ಎರಗಿದನು. ಕೊನೆಯ ಅರಸ ಹರಿಸಿಂಹದೇವನು ನೇಪಾಳದ ಬೆಟ್ಟಗಳತ್ತ ಸರಿದನು.

ಈ ಸೋಲು ಒದಗದೆ, ಕರ್ಣಾಟರು ಇನ್ನೂ ಎರಡು ಶತಮಾನ ಆಳಿದ್ದರೆ ಏನಾಗುತ್ತಿತ್ತು? ಇತಿಹಾಸದಲ್ಲಿ ಇಂಥ ಪ್ರಶ್ನೆ ವ್ಯರ್ಥವೆಂದು ತಳ್ಳಿಹಾಕಬೇಕಾಗಿಲ್ಲ. ನಡೆಯದುದನ್ನು ಊಹಿಸಹೊರಟಾಗ ನಡೆದುದರ ಕಾರಣಗಳು ಸ್ಫುಟವಾಗುತ್ತವೆ. ಆದರೆ ಗಂಗೆಯ ಬಯಲಿನಲ್ಲಿ ಮತ್ತೊಂದು ಕನ್ನಡ ನಾಡು ತಲೆಯೆತ್ತುತ್ತಿತ್ತು ಎಂಬ ನಮಗೆ ಪ್ರಿಯವಾದ ಉತ್ತರಕ್ಕೆ ದೊರೆತಿರುವ ಸಾಕ್ಷ್ಯ ಒಗ್ಗುವುದಿಲ್ಲ.

ನಾನ್ಯದೇವನು ಸ್ವತಃ ವಿದ್ವಾಂಸ. ನಾಟ್ಯಶಾಸ್ತ್ರವನ್ನು ಕುರಿತ ಅವನ 'ಭರತಭಾಷ್ಯ' ಸಂಸ್ಕೃತದಲ್ಲಿದೆ. ಹರಿಸಿಂಹದೇವನ ಮಂತ್ರಿ ಚಂಡೇಶ್ವರ ಠಾಕೂರನ ಧರ್ಮಶಾಸ್ತ್ರ ಗ್ರಂಥಗಳೂ ಸಂಸ್ಕೃತದವೇ. ಅದೇ ಆಸ್ಥಾನದ ಜ್ಯೋತಿರೀಶ್ವರ ಠಾಕೂರನ 'ವರ್ಣರತ್ನಾಕರ'ವು ಮೈಥಿಲಿಯ ಅತ್ಯಂತ ಪ್ರಾಚೀನ ಗದ್ಯಕೃತಿಯೆಂದು ಪ್ರಸಿದ್ಧವಾಗಿದೆ. ಎಂದರೆ, ಕರ್ಣಾಟರೆಂಬ ಹೆಸರು ಹೊತ್ತವರ ಆಶ್ರಯದಲ್ಲಿ ಬೆಳೆದ ದೇಶಭಾಷೆ ಮೈಥಿಲಿ. ಮುಂದೆ ಹರಿಸಿಂಹದೇವನ ವಂಶದವರೆಂದು ಹೇಳಿಕೊಂಡ ನೇಪಾಳ ಕಣಿವೆಯ ಮಲ್ಲ ಅರಸರ ಆಸ್ಥಾನಗಳಲ್ಲಿ ರಚಿತವಾದ ನಾಟಕಗಳಲ್ಲಿಯೂ ಮೈಥಿಲಿಯೇ ಮೆರೆಯಿತು. ಬಂಗಾಳದ ಸೇನರ ಕಥೆಯೂ ಇದಕ್ಕಿಂತ ಭಿನ್ನವಲ್ಲ. ವಿಜಯಸೇನನ ದೇವಪಾರಾ ಶಾಸನ ಕರ್ಣಾಟ ಮೂಲವನ್ನು ಅಭಿಮಾನದಿಂದ ಸ್ಮರಿಸುತ್ತದೆ. ಆ ಸ್ಮರಣೆಯ ಭಾಷೆ ಮಾತ್ರ ಸಂಸ್ಕೃತ.

ಇನ್ನೂರಕ್ಕೂ ಮೀರಿದ ವರ್ಷಗಳ ಆಳ್ವಿಕೆಯಲ್ಲಿ ಬೇರೂರದ ಕನ್ನಡ ಮತ್ತೆ ಇನ್ನೂರು ವರ್ಷಗಳಲ್ಲಿ ಬೇರೂರುತ್ತಿತ್ತೆಂದು ನಂಬುವುದು ಹೇಗೆ? ತುಘಲಕನು ಕಿತ್ತುಕೊಂಡುದು ರಾಜ್ಯವನ್ನು. ಭಾಷೆಯನ್ನು ಆ ಮನೆತನ ಅದಕ್ಕೆ ಬಹಳ ಮೊದಲೇ ಬಿಟ್ಟುಕೊಟ್ಟಿತ್ತು. ಹಾಗೆ ಬಿಟ್ಟುಕೊಟ್ಟುದರಿಂದಲೇ ಅದು ಮಿಥಿಲೆಯವರಿಗೆ ತಮ್ಮದೇ ಅರಸುಮನೆತನವೆನಿಸಿರಬೇಕು. ಇದನ್ನು ಕನ್ನಡದ ಸೋಲೆಂದು ಮರುಗುವುದಕ್ಕಿಂತ ಒಳ್ಳೆಯ ಅರಸುತನದ ಲಕ್ಷಣವೆಂದು ತಿಳಿಯುವುದು ಉಚಿತ.

ತಂಜಾವೂರಿನ ಮರಾಠರನ್ನು ಮುಂದಿಟ್ಟು ಇದಕ್ಕೆ ಆಕ್ಷೇಪಿಸಬಹುದು. ಅಲ್ಲಿ ಮರಾಠಿ ಉಳಿಯಿತು. ಸರಸ್ವತಿ ಮಹಲ್ ಭಂಡಾರದ ಮೋಡಿ ಲಿಪಿಯ ದಾಖಲೆಗಳೇ ಸಾಕ್ಷಿ. ಆದರೆ ಅಲ್ಲಿ ಅರಸರೊಡನೆ ಅಧಿಕಾರಿಗಳು, ಕೀರ್ತನಕಾರರು, ಗೃಹಸ್ಥರು ಬಂದು ನೆಲಸಿದರು. 1855ರಲ್ಲಿ ಅರಸೊತ್ತಿಗೆ ಮುಗಿದ ಮೇಲೂ ಮರಾಠಿ ಮನೆಮಾತಾಗಿ ಬಾಳಿತು. ಕೊಂಗು ನಾಡಿನ ದೇವಾಂಗ ನೇಕಾರರಂತೂ ಅಲ್ಲಿ ಯಾವ ಸಿಂಹಾಸನವನ್ನೂ ಏರಿದವರಲ್ಲ. ಆದರೂ ಸೇಲಂ, ಕೊಯಮತ್ತೂರುಗಳ ಸುತ್ತ ಅವರ ಮನೆಗಳಲ್ಲಿ ಕನ್ನಡ ತಲೆಮಾರುಗಳ ಕಾಲ ನಡೆದುಬಂದಿದೆ. ಮಗ್ಗ, ಮದುವೆ, ಕುಲದೇವತೆಯ ಹಬ್ಬ ಇವುಗಳಲ್ಲಿ ಅದಕ್ಕೆ ದಿನನಿತ್ಯದ ಕೆಲಸವಿತ್ತು.

ಆದುದರಿಂದ ಮಿಥಿಲೆಯನ್ನು ಕುರಿತು ಕೇಳಬೇಕಾದ 'ಆಗಿದ್ದರೆ' ಬೇರೆಯೇ ಇದೆ. ನಾನ್ಯದೇವನೊಡನೆ ಕನ್ನಡದ ನೇಕಾರರು, ಒಕ್ಕಲಿಗರು, ಹೆಣ್ಣುಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಹೋಗಿ ನೆಲಸಿದ್ದರೆ? ಆಗ ರಾಜ್ಯ ಅಳಿದರೂ ತಿರ್ಹುತದ ಯಾವುದೋ ಕೇರಿಯಲ್ಲಿ ಕನ್ನಡದ ಜೋಗುಳ ಕೇಳುತ್ತಿದ್ದೀತು.

ಹೊರನಾಡಿನ ಕನ್ನಡ ವಿಭಾಗಗಳಿಗೆ ಈ ವಿಚಾರ ಕೇವಲ ಪಾಂಡಿತ್ಯದ ವಿಷಯವಲ್ಲ. ದೂರದ ಅರಸರ ವಂಶಾವಳಿಯನ್ನು ಬಿಡಿಸುವಷ್ಟೇ ಶ್ರದ್ಧೆಯಿಂದ ನಮ್ಮ ವಿದ್ಯಾರ್ಥಿಗಳು ಹೋಟೆಲಿನ ಮಾಣಿಗಳಿಗೆ ಅಕ್ಷರ ಕಲಿಸಿದ ಮುಂಬಯಿಯ ಕನ್ನಡ ರಾತ್ರಿಶಾಲೆಗಳ ಚರಿತ್ರೆಯನ್ನು ಬರೆಯಬೇಕು. ನೇಕಾರರ ಕೇರಿಗಳ ಆಡುನುಡಿಯನ್ನು ಧ್ವನಿಮುದ್ರಿಸಬೇಕು. ನಾನ್ಯದೇವನ ಹೆಸರು ಶಾಸನ, ಗ್ರಂಥಗಳಲ್ಲಿ ಸುರಕ್ಷಿತವಾಗಿದೆ. ಈ ಜನರ ಮಾತಿಗೆ ಅಂಥ ಆಸರೆಯಿಲ್ಲ. ಅದನ್ನು ಆಡುವ ಹಿರಿಯರು ಇರುವಾಗಲೇ ಕೆಲಸ ಆಗಬೇಕು.